ಸಲಿಂಗ ವಿವಾಹದ ಮೊಕದ್ದಮೆ: ನಮ್ಮ ಹೆಸರಿನಲ್ಲಿ ನಡೆದ ವಾದ

2023ರ ಅಕ್ಟೋಬರ್ 17ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿತು. ಆ ವಾರ ಜುಮಾ ನಮಾಝ್ ಮುಗಿಸಿ ಹೊರಡುವಾಗ ಒಬ್ಬ ಯುವಕ ಕೇಳಿದ: "ಉಸ್ತಾದ್, ತೀರ್ಪು ಬೇರೆ ಥರ ಬಂದಿದ್ರೆ ನೀವು ಮಸೀದಿಯಲ್ಲಿ ಅಂಥ ನಿಕಾಹ್ ಮಾಡಿಸಬೇಕಾಗ್ತಿತ್ತಾ?" ಇಲ್ಲ ಎಂದೆ. ಅದೇ ಪ್ರಶ್ನೆ ಆಮೇಲೂ ಹಲವು ಸಲ ಬಂದಿದೆ. ಉತ್ತರ ಒಂದೇ ಪದದ್ದಾದರೂ ಅದರ ಹಿಂದಿರುವ ಇತಿಹಾಸ ಉದ್ದವಾದದ್ದು, ಖುತ್ಬಾದ ಅವಧಿಗೆ ಹಿಡಿಸುವಂಥದ್ದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶರೀಅತ್‌ನ ವಿಧಿಯನ್ನು ಹೇಳಿಬಿಡುತ್ತೇನೆ. ಲೂತ್(ಅ)ರ ಜನಾಂಗದ ವೃತ್ತಾಂತ ಕುರ್‌ಆನಿನ ಹಲವು ಅಧ್ಯಾಯಗಳಲ್ಲಿ ಬಂದಿದೆ. ಸಲಿಂಗ ಸಂಪರ್ಕವು ಹರಾಮ್ ಎಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳು ಒಮ್ಮತದಲ್ಲಿವೆ. ಶಿಕ್ಷೆ ಯಾವ ವರ್ಗಕ್ಕೆ ಸೇರಿದ್ದು ಎಂಬಲ್ಲಿ ಮಾತ್ರ ಇಮಾಮರು ಬೇರೆಬೇರೆಯಾಗಿ ಹೇಳಿದ್ದಾರೆ. ಇಮಾಮ್ ಅಬೂ ಹನೀಫಾ(ರ)ರ ಪ್ರಕಾರ ಇದಕ್ಕೆ ನಿಗದಿತ ಹದ್ದ್ ಇಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ತಅ್‌ಝೀರ್ ಇದೆ. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅವರೇ ಇದನ್ನು ಒಪ್ಪಲಿಲ್ಲ. ಶಾಫಿಈ ಮದ್‌ಹಬ್ ಇದನ್ನು ವ್ಯಭಿಚಾರದ ಸಾಲಿಗೆ ಸೇರಿಸುತ್ತದೆ. ಏನೇ ಆದರೂ ಅದು ಖಾಝಿಯ ಮುಂದಿನ ಸಾಕ್ಷ್ಯ, ವಿಚಾರಣೆಗಳ ವಿಷಯ. ಬೀದಿಯಲ್ಲಿ ನಿಂತವನ ಕೈಗೆ ಯಾವ ಫಿಕ್‌ಹ್ ಗ್ರಂಥವೂ ಅದನ್ನು ಒಪ್ಪಿಸಿಲ್ಲ. ಇನ್ನೊಬ್ಬರ ಗುಟ್ಟು ಹುಡುಕುವುದನ್ನು ಸೂರಃ ಅಲ್ ಹುಜುರಾತ್ ಸ್ಪಷ್ಟವಾಗಿ ನಿಷೇಧಿಸಿದೆ.

ಆದ್ದರಿಂದ ಈ ಲೇಖನ ಹಲಾಲ್ ಹರಾಮ್‌ನ ಚರ್ಚೆಯಲ್ಲ. ನಮ್ಮ ಸಂಘಟನೆಗಳು ನ್ಯಾಯಾಲಯಕ್ಕೆ ಹೋದಾಗ ಯಾವ ನೆಲದ ಮೇಲೆ ನಿಂತು ಮಾತಾಡಿದವು, ಆ ನೆಲ ನಮ್ಮದಾಗಿತ್ತೇ ಎಂಬುದು ಇಲ್ಲಿಯ ವಿಷಯ.

ಮದುವೆಯ ಪ್ರಶ್ನೆಗೆ ಮೊದಲು ಬಂದದ್ದು 377ನೇ ಕಲಮಿನ ಪ್ರಶ್ನೆ. 1860ರ ಭಾರತೀಯ ದಂಡ ಸಂಹಿತೆ ಮೆಕಾಲೆಯ ಆಯೋಗದ ಕರಡಿನಿಂದ ಬೆಳೆದದ್ದು; ಜಾರಿಗೆ ಬಂದದ್ದು 1862ರಲ್ಲಿ. ಆ ಕಲಮಿನ ಬೇರು ಇಂಗ್ಲೆಂಡಿನ ಕಾನೂನಿನಲ್ಲಿತ್ತು, ನಮ್ಮ ಫಿಕ್‌ಹ್‌ನಲ್ಲಿ ಅಲ್ಲ. ಖಾಝಿಗಳ ನ್ಯಾಯಾಲಯಗಳನ್ನು ಮುಚ್ಚಿದ ಸರ್ಕಾರವೇ ಅದನ್ನು ತಂದದ್ದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧಕ್ಕೆ ಆ ಕಲಮು ಅನ್ವಯಿಸದು ಎಂದಿತು. ಕೇಂದ್ರ ಸರ್ಕಾರ ಮೇಲ್ಮನವಿ ಹಾಕಲಿಲ್ಲ. ಹಾಕಿದವರು ಯಾರು ಗೊತ್ತೇ? ಒಬ್ಬ ಜ್ಯೋತಿಷಿ, ಅಪೊಸ್ತಲಿಕ್ ಚರ್ಚುಗಳ ಒಕ್ಕೂಟ, ಉತ್ಕಲ ಕ್ರೈಸ್ತ ಮಂಡಳಿ, ಕ್ರಾಂತಿಕಾರಿ ಮನುವಾದಿ ಮೋರ್ಚಾ ಎಂಬ ಪಕ್ಷ, ತಮಿಳುನಾಡು ಮುಸ್ಲಿಮ್ ಮುನ್ನೇಟ್ರ ಕಳಗಮ್, ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ. ಬೇರೆ ಯಾವ ವಿಷಯದಲ್ಲೂ ಒಂದು ಚಾಪೆಯ ಮೇಲೆ ಕೂರದವರು ಇಲ್ಲಿ ಒಂದೇ ಸಾಲಿನಲ್ಲಿ ಕೂತರು. 2013ರ ಡಿಸೆಂಬರ್ 11ರಂದು ಸುಪ್ರೀಮ್ ಕೋರ್ಟಿನ ದ್ವಿಸದಸ್ಯ ಪೀಠ ಹೈಕೋರ್ಟ್ ತೀರ್ಪನ್ನು ರದ್ದುಪಡಿಸಿತು.

ಐದು ವರ್ಷ ಕಳೆಯುವುದರೊಳಗೆ ಚಿತ್ರ ಬದಲಾಯಿತು. 2018ರಲ್ಲಿ ವಿಷಯ ಮತ್ತೆ ಸಂವಿಧಾನ ಪೀಠದ ಮುಂದೆ ಬಂದಾಗ ಕೇಂದ್ರ ಸರ್ಕಾರ ತೀರ್ಮಾನವನ್ನು ನ್ಯಾಯಾಲಯದ ವಿವೇಕಕ್ಕೆ ಬಿಟ್ಟಿತು. ವೈಯಕ್ತಿಕ ಕಾನೂನು ಮಂಡಳಿಯೂ ಈ ಬಾರಿ ಅದನ್ನು ನ್ಯಾಯಾಲಯಕ್ಕೇ ಬಿಡುವುದಾಗಿ ಹೇಳಿ ದೂರ ಉಳಿಯಿತು. ಕೆಲವು ಕ್ರೈಸ್ತ ಸಂಘಟನೆಗಳು ಮಾತ್ರ ವಿರೋಧ ಮುಂದುವರಿಸಿದವು. ಸೆಪ್ಟೆಂಬರ್ 6ರಂದು ಐವರೂ ಒಮ್ಮತದಿಂದ ತೀರ್ಪು ಕೊಟ್ಟರು. ಮಂಡಳಿ ದೂರ ಉಳಿದದ್ದನ್ನು ಅಂದು ಕೆಲವರು ದೌರ್ಬಲ್ಯ ಎಂದರು. ನನಗೆ ಹಾಗೆ ಅನಿಸುವುದಿಲ್ಲ. ಹರಾಮ್ ಆದದ್ದೆಲ್ಲ ದಂಡ ಸಂಹಿತೆಯಲ್ಲಿ ಇರಲೇಬೇಕೆಂದು ಈ ದೇಶದಲ್ಲಿ ನಾವು ಯಾವತ್ತೂ ಕೇಳಿದವರಲ್ಲ. ಬಡ್ಡಿ ಹರಾಮ್, ಬ್ಯಾಂಕು ಪ್ರತಿ ಪೇಟೆಯಲ್ಲೂ ಇದೆ. ಮದ್ಯ ಹರಾಮ್, ಸರ್ಕಾರದ ಬೊಕ್ಕಸ ಅಬಕಾರಿ ಸುಂಕವನ್ನು ನೆಚ್ಚಿಕೊಂಡಿದೆ. ನಾವು ಬೋಧಿಸುತ್ತೇವೆ, ದೂರ ಇರುತ್ತೇವೆ, ಅಷ್ಟೆ.

ಈಗ ಮದುವೆಗೆ ಬರೋಣ. 2023ರ ಅರ್ಜಿದಾರರು ತಟ್ಟಿದ ಮುಖ್ಯ ಬಾಗಿಲು 1954ರ ವಿಶೇಷ ವಿವಾಹ ಕಾಯ್ದೆ. ಈ ಬಾಗಿಲಿನ ಕಥೆಯೇ ಧಾರ್ಮಿಕ ಗುಂಪುಗಳ ಜಗ್ಗಾಟದ ಕಥೆ. ಬಂಗಾಳದಲ್ಲಿ ಕೇಶವಚಂದ್ರ ಸೇನರ ಬ್ರಾಹ್ಮ ಅನುಯಾಯಿಗಳು ಮೂರ್ತಿಪೂಜೆಯಿಲ್ಲದೆ ಮಾಡಿಕೊಂಡ ಮದುವೆಗಳು ಕಾನೂನಿನ ಕಣ್ಣಿನಲ್ಲಿ ಮದುವೆಗಳಾಗುತ್ತವೋ ಇಲ್ಲವೋ ಎಂಬ ಸಂಶಯ ಎದ್ದಿತ್ತು. 1868ರಲ್ಲಿ ಹೆನ್ರಿ ಮೇನ್ ಯಾವ ಧರ್ಮದ ಭಾರತೀಯರಾದರೂ ಬಳಸಬಹುದಾದ ನಾಗರಿಕ ವಿವಾಹದ ಮಸೂದೆ ತಂದಾಗ ಪ್ರಾಂತೀಯ ಸರ್ಕಾರಗಳೇ ಅದು ಬೇಡವೆಂದವು. ಬ್ರಾಹ್ಮರಿಗೆ ಮಾತ್ರ ಎಂದು ಕುಗ್ಗಿಸಿದರೆ ಆದಿ ಬ್ರಾಹ್ಮ ಸಮಾಜ, ನಾವು ಹಿಂದೂಗಳೇ, ನಮಗಿದು ಬೇಡ ಎಂದಿತು. ಕೊನೆಗೆ 1872ರಲ್ಲಿ ಬಂದ ಕಾಯ್ದೆಯಲ್ಲಿ ಒಂದು ವಿಚಿತ್ರ ಷರತ್ತಿತ್ತು: ವಧೂವರರು ತಾವು ಹಿಂದೂ ಅಲ್ಲ, ಮುಸ್ಲಿಮರಲ್ಲ, ಕ್ರೈಸ್ತರಲ್ಲ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವುದೂ ಅಲ್ಲ ಎಂದು ಘೋಷಿಸಬೇಕಿತ್ತು. ಧರ್ಮವನ್ನು ಹೊಸಿಲ ಹೊರಗಿಟ್ಟು ಒಳಗೆ ಬರಬೇಕಾದ ಮದುವೆ ಅದು. 1923ರಲ್ಲಿ ಹರಿಸಿಂಗ್ ಗೌರ್ ಅವರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮ ತಮ್ಮೊಳಗೆ ಈ ಘೋಷಣೆಯಿಲ್ಲದೆ ಮದುವೆಯಾಗಲು ದಾರಿಯಾಯಿತು. ಮುಸ್ಲಿಮರು ಹೊರಗೇ ಉಳಿದರು. 1954ರ ಕಾಯ್ದೆ ಆ ಷರತ್ತನ್ನು ತೆಗೆದುಹಾಕಿ ಎಲ್ಲರಿಗೂ ಬಾಗಿಲು ತೆರೆಯಿತು.

ಈ ಕಾಯ್ದೆ ನಮ್ಮ ಮನೆಗಳಿಗೆ ಸಂಬಂಧವಿಲ್ಲದ್ದು ಎಂದುಕೊಳ್ಳಬೇಡಿ. ಇದರಡಿ ಮದುವೆಯಾದ ಮುಸ್ಲಿಮರ ಆಸ್ತಿ ಶರೀಅತ್‌ನ ಫರಾಇಝ್ ಪ್ರಕಾರ ಹಂಚಿಕೆಯಾಗುವುದಿಲ್ಲ, ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತದೆ. ಚಿಕ್ಕಪ್ಪ, ಸೋದರಮಾವ, ಸೋದರತ್ತೆಯರ ಮಕ್ಕಳ ನಡುವಿನ ಮದುವೆ, ಸಂಪ್ರದಾಯದ ವಿನಾಯಿತಿ ಇಲ್ಲದಿದ್ದರೆ, ಇದರಲ್ಲಿ ನಿಷಿದ್ಧ. 2023ರ ಮಾರ್ಚ್ 8ರಂದು, ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ, ಸುಮಾರು ಮೂರು ದಶಕಗಳ ಹಿಂದೆ ನಿಕಾಹ್ ಆಗಿದ್ದ ವಕೀಲರೊಬ್ಬರು ಮತ್ತು ಅವರ ಪತ್ನಿ ಇದೇ ಕಾಯ್ದೆಯಡಿ ಮತ್ತೊಮ್ಮೆ ನೋಂದಾಯಿಸಿಕೊಂಡರು. ತಮ್ಮ ಆಸ್ತಿ ಪೂರ್ತಿಯಾಗಿ ಮೂವರು ಹೆಣ್ಣುಮಕ್ಕಳಿಗೇ ಸೇರಬೇಕೆಂಬುದು ಅವರ ಉದ್ದೇಶವಾಗಿತ್ತು. ಅದರ ಸರಿತಪ್ಪನ್ನು ಬೇರೆ ಸಂಚಿಕೆಯಲ್ಲಿ ನೋಡೋಣ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಈ ಕಾಯ್ದೆಯ ಮದುವೆಯೂ ನಿಕಾಹ್ ಕೂಡ ಎರಡು ಪ್ರತ್ಯೇಕ ವ್ಯವಸ್ಥೆಗಳು ಎಂದು ಕಾನೂನೇ ಒಪ್ಪಿಕೊಂಡಿದೆ.

ಇದಾಗಿ ಆರು ವಾರಕ್ಕೆ, ಏಪ್ರಿಲ್ 18ರಂದು, ದೆಹಲಿಯಲ್ಲಿ ವಿಚಾರಣೆ ಶುರುವಾಯಿತು. ಹತ್ತು ದಿನ ನಡೆದು ಮೇ 11ಕ್ಕೆ ಮುಗಿಯಿತು. ಕರ್ನಾಟಕದಲ್ಲಿ ಅದು ವಿಧಾನಸಭಾ ಚುನಾವಣೆಯ ಕಾಲ, ಮೇ 10ಕ್ಕೆ ಮತದಾನ. ನಮ್ಮವರ ಮಾತೆಲ್ಲ ರದ್ದಾದ 2ಬಿ ಮೀಸಲಾತಿಯ ಮೇಲಿತ್ತು. ಹಾಗಾಗಿ ಆ ಕೋರ್ಟಿನಲ್ಲಿ ನಮ್ಮ ಹೆಸರಿನಲ್ಲಿ ಏನು ವಾದ ನಡೆಯಿತೆಂದು ಕೇಳಿಸಿಕೊಂಡವರು ಕಡಿಮೆ.

ಜಮೀಅತ್ ಉಲಮಾಎ ಹಿಂದ್ ಮಧ್ಯಪ್ರವೇಶದ ಅರ್ಜಿ ಹಾಕಿತ್ತು. ತೆಲಂಗಾಣದ ಮರ್ಕಝಿ ಶಿಯಾ ಉಲಮಾ ಕೌನ್ಸಿಲ್ ಹಾಕಿತ್ತು. ಅಖಿಲ ಭಾರತೀಯ ಸಂತ ಸಮಿತಿಯೂ ಹಾಕಿತ್ತು. ಮೊದಲ ದಿನವೇ ಮುಖ್ಯ ನ್ಯಾಯಾಧೀಶ ಚಂದ್ರಚೂಡ್, ನಾವು ವೈಯಕ್ತಿಕ ಕಾನೂನುಗಳೊಳಗೆ ಹೋಗುವುದಿಲ್ಲ, ವಿಶೇಷ ವಿವಾಹ ಕಾಯ್ದೆಗಷ್ಟೇ ಸೀಮಿತವಾಗುತ್ತೇವೆ ಎಂಬ ಅರ್ಥದಲ್ಲಿ ಮಾತಾಡಿದರು. ಯುವಕನಿಗೆ ನಾನು ಕೊಟ್ಟ "ಇಲ್ಲ" ಎಂಬ ಉತ್ತರದ ಆಧಾರ ಇದೇ. ಮಸೀದಿಯ ನಿಕಾಹ್ ಆ ವಿಚಾರಣೆಯ ಅಂಗಳಕ್ಕೇ ಬರಲಿಲ್ಲ.

ಹಾಗಾದರೆ ನಮ್ಮ ಸಂಘಟನೆಗಳ ವಾದವೇನು? ಜಮೀಅತ್‌ನ ಅರ್ಜಿಯಲ್ಲಿ ಎರಡು ಬಗೆಯ ಮಾತುಗಳಿದ್ದವು. ಒಂದು, ಇಸ್ಲಾಮಿನಲ್ಲಿ ಇದರ ನಿಷೇಧ ಆರಂಭದಿಂದಲೂ ಅಸಂದಿಗ್ಧವಾಗಿದೆ ಎಂಬುದು. ಇದು ನಿಜ, ಹೇಳುವ ಅಧಿಕಾರವೂ ಉಲಮಾಗಳಿಗೆ ಇದೆ. ಇನ್ನೊಂದು, ಇದು ಪಾಶ್ಚಾತ್ಯರಿಂದ ಬಂದದ್ದು, ಕುಟುಂಬ ವ್ಯವಸ್ಥೆಯ ಮೇಲಿನ ದಾಳಿ ಎಂಬುದು. ಜಮೀಅತ್ ಪರ ವಕೀಲ ಕಪಿಲ್ ಸಿಬಲ್ ಅವರ ವಾದ ಹೆಚ್ಚು ವ್ಯಾವಹಾರಿಕವಾಗಿತ್ತು. ಅಂಥ ಮದುವೆ ಮುರಿದುಬಿದ್ದರೆ ದತ್ತು ಪಡೆದ ಮಗು ಯಾರ ಬಳಿ ಇರಬೇಕು, ಜೀವನಾಂಶ ಯಾರು ಕೊಡಬೇಕು, ಇದಕ್ಕೆಲ್ಲ ಕಾನೂನು ಮಾಡದೆ ಬರೀ ಘೋಷಣೆ ಮಾಡಿದರೆ ಹಾನಿಯೇ ಹೆಚ್ಚು ಎಂದು ಅವರು ಕೇಳಿದರು. ಕೇಂದ್ರ ಸರ್ಕಾರದ ಮಾತು ಬೇರೆ ಧಾಟಿಯದು: ಅರ್ಜಿದಾರರ ಬೇಡಿಕೆ ನಗರದ ಗಣ್ಯರ ಅಭಿಪ್ರಾಯ, ಮದುವೆ ಎಂದರೇನೆಂದು ತೀರ್ಮಾನಿಸಬೇಕಾದದ್ದು ಸಂಸತ್ತು, ಏಕೆಂದರೆ ದೇಶದ ಜನಮನವನ್ನು ಬಲ್ಲದ್ದು ಅದು.

ಈ ಕೊನೆಯ ವಾದ ನಮ್ಮವರ ಕಿವಿಗೂ ಹಿತವಾಗಿ ಕೇಳಿಸಿತು. ತೀರ್ಪು ಬಂದಾಗ, ಸಂಸತ್ತಿಗೇ ಬಿಟ್ಟರಲ್ಲ, ಒಳ್ಳೆಯದಾಯಿತು ಎಂದವರು ನಮ್ಮ ಜಮಾಅತಿನಲ್ಲೂ ಇದ್ದಾರೆ. ನನ್ನ ತಕರಾರು ಇಲ್ಲಿಂದಲೇ. ಬಹುಜನರ ನೀತಿ, ಸಮಾಜದ ಮನಸ್ಸು ಎಂಬುದು ಒಂದು ತಕ್ಕಡಿ. ಆ ತಕ್ಕಡಿಯಲ್ಲಿ ನಿಕಾಹನ್ನೇ ಇಟ್ಟು ತೂಗಿ, ಇದು ಮದುವೆಯೇ ಅಲ್ಲ ಎಂದ ದೇಶವೊಂದಿದೆ. ಅದು ದಕ್ಷಿಣ ಆಫ್ರಿಕಾ.

ಕೇಪ್‌ಟೌನಿನಲ್ಲಿ ಮುಸ್ಲಿಮರಿರುವುದು ಹದಿನೇಳನೇ ಶತಮಾನದಿಂದ. ಡಚ್ಚರು ಇಂಡೋನೇಷ್ಯಾದ ದ್ವೀಪಗಳಿಂದಲೂ ಭಾರತದ ಕರಾವಳಿಗಳಿಂದಲೂ ಗುಲಾಮರಾಗಿ, ಗಡೀಪಾರಾದವರಾಗಿ ಹೊತ್ತು ತಂದ ಜನ ಅವರ ಪೂರ್ವಜರು. ಅಲ್ಲಿನ ಬೋ-ಕಾಪ್‌ನಲ್ಲಿರುವ ಅವ್ವಲ್ ಮಸೀದಿ 1794ರದ್ದೆಂದು ಹೇಳುತ್ತಾರೆ. ಪೀಳಿಗೆಯಿಂದ ಪೀಳಿಗೆಗೆ ನಿಕಾಹ್ ನಡೆದವು, ಮಕ್ಕಳಾದವು, ಆದರೆ ಸರ್ಕಾರದ ಪುಸ್ತಕದಲ್ಲಿ ಅವು ಮದುವೆಗಳಾಗಿರಲಿಲ್ಲ. 1913ರ ಮಾರ್ಚ್ 14ರಂದು ಕೇಪ್ ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿ ಸರ್ಲ್ ಅವರ ಮುಂದೆ ಒಂದು ಪ್ರಕರಣ ತೀರ್ಮಾನವಾಯಿತು. ಹಸನ್ ಇಸಪ್ ಎಂಬ ಭಾರತೀಯನ ಪತ್ನಿ ಬಾಯಿ ಮರಿಯಮ್ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದಿದ್ದರು. ಭಾರತದಲ್ಲಿ ಮುಸ್ಲಿಮ್ ವಿಧಿಯಂತೆ ಆದ ಮದುವೆ, ಬಹುಪತ್ನಿತ್ವಕ್ಕೆ ಅವಕಾಶ ಕೊಡುವ ಧರ್ಮದ್ದು, ಆದ್ದರಿಂದ ಇಲ್ಲಿನ ಕಾನೂನಿಗೆ ಅದು ಮದುವೆಯಲ್ಲ, ಆಕೆ ಹೆಂಡತಿಯಲ್ಲ ಎಂದು ತೀರ್ಪಾಯಿತು. ಆ ಒಂದು ತೀರ್ಪಿನಿಂದ ಅಲ್ಲಿದ್ದ ಮುಸ್ಲಿಮ್, ಹಿಂದೂ, ಪಾರ್ಸಿ ಹೆಂಡತಿಯರೆಲ್ಲರ ಸ್ಥಾನ ಅಲ್ಲಾಡಿತು. ಮನೆಯ ಹೆಂಗಸರು ಸತ್ಯಾಗ್ರಹಕ್ಕೆ ಇಳಿದದ್ದು ಅದರಿಂದಾಗಿಯೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಗಾಂಧಿಯವರು ಮೂರು ತಿಂಗಳ ಸಜೆಗೆ ಜೈಲಿಗೆ ಹೋದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ ಕಥೆ ಇದೆ, ಒಬ್ಬ ಮುಸ್ಲಿಮ್ ಹೆಣ್ಣುಮಗಳ ನಿಕಾಹ್‌ನ ಮಾನ್ಯತೆಗಾಗಿ ಹೆಂಗಸರು ಜೈಲು ಸೇರಿದ ಕಥೆ ಇಲ್ಲ. 1914ರ ಭಾರತೀಯರ ಪರಿಹಾರ ಕಾಯ್ದೆ ಏಕಪತ್ನಿ ಮದುವೆಗಳಿಗೆ ಒಂದಿಷ್ಟು ದಾರಿ ಮಾಡಿಕೊಟ್ಟಿತು.

ಆದರೆ ಸಮಸ್ಯೆ ತೀರಲಿಲ್ಲ. ಎಪ್ಪತ್ತು ವರ್ಷ ಕಳೆದು 1983ರಲ್ಲಿ, ಇಸ್ಮಾಯಿಲ್ ವಿರುದ್ಧ ಇಸ್ಮಾಯಿಲ್ ಎಂಬ ಪ್ರಕರಣದಲ್ಲಿ, ತಲಾಕ್ ಆದ ಮಹಿಳೆ ಬಾಕಿ ಜೀವನಾಂಶವನ್ನೂ ತನ್ನ ಮಹರ್ ಅನ್ನೂ ಕೇಳಿ ಬಂದಳು. ಬಹುಪತ್ನಿತ್ವಕ್ಕೆ ಎಡೆಯಿರುವ ಈ ಸಂಬಂಧ ಸಾರ್ವಜನಿಕ ನೀತಿಗೆ ವಿರುದ್ಧ, ಆದ್ದರಿಂದ ಅದರಿಂದ ಹುಟ್ಟುವ ಯಾವ ಹಕ್ಕನ್ನೂ ಎತ್ತಿಹಿಡಿಯಲಾಗದು ಎಂದು ಅಲ್ಲಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ ಅವಳನ್ನು ಬರಿಗೈಯಲ್ಲಿ ಕಳಿಸಿತು. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಾಹನು ಹೆಣ್ಣಿಗೆ ಕೊಟ್ಟ ಮಹರ್ ಅನ್ನು ಕಸಿದುಕೊಂಡ ಪದ ಯಾವುದು? ಸಾರ್ವಜನಿಕ ನೀತಿ. ಯಾರ ನೀತಿ? ವರ್ಣಭೇದ ನಡೆಸುತ್ತಿದ್ದವರ ನೀತಿ.

1994ರಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡಿತು. 2003ರಲ್ಲಿ ಕಾನೂನು ಸುಧಾರಣಾ ಆಯೋಗ ಮುಸ್ಲಿಮ್ ವಿವಾಹಗಳ ಮಸೂದೆಯ ಕರಡು ಕೊಟ್ಟಿತು. ನಮ್ಮವರದೇ ಒಳಜಗಳವೂ ಸೇರಿ ಅದು ಮೂಲೆಗೆ ಬಿತ್ತು. ಅಷ್ಟರಲ್ಲಿ, 2005ರ ಡಿಸೆಂಬರ್ 1ರಂದು, ಸಂವಿಧಾನ ನ್ಯಾಯಾಲಯ ಸಲಿಂಗ ಜೋಡಿಗಳನ್ನು ಮದುವೆಯಿಂದ ಹೊರಗಿಡುವುದು ಸಂವಿಧಾನಬಾಹಿರ ಎಂದು ಹೇಳಿ ಸಂಸತ್ತಿಗೆ ಒಂದು ವರ್ಷದ ಗಡುವು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್. ಯಾವ ಧರ್ಮಗುರುವನ್ನೂ ಇಂಥ ಮದುವೆ ಮಾಡಿಸಲು ಒತ್ತಾಯಿಸಲಾಗದು ಎಂದೂ ಅದರಲ್ಲಿ ಸ್ಪಷ್ಟಪಡಿಸಿದರು. ಚರ್ಚುಗಳೂ ಉಲಮಾ ಸಂಘಟನೆಗಳೂ ವಿರೋಧಿಸಿದರೂ 2006ರ ನವೆಂಬರ್ 30ಕ್ಕೆ ಕಾಯ್ದೆ ಜಾರಿಗೆ ಬಂತು. ಅಂದರೆ ನಿಕಾಹ್‌ಗೆ ಮಾನ್ಯತೆ ಸಿಗುವುದಕ್ಕೆ ಮೊದಲೇ ಸಲಿಂಗ ವಿವಾಹಕ್ಕೆ ಸಿಕ್ಕಿತು. 2014ರಲ್ಲಿ ನೂರಕ್ಕೂ ಹೆಚ್ಚು ಇಮಾಮರನ್ನು ಸರ್ಕಾರ ವಿವಾಹಾಧಿಕಾರಿಗಳಾಗಿ ನೇಮಿಸಿತು. ಮುಸ್ಲಿಮ್ ಮದುವೆಗಳನ್ನು ಗುರುತಿಸದಿರುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರ ಜೂನ್ 28ರಂದು. ಆ ಮೊಕದ್ದಮೆ ನಡೆಸಿದ್ದು ಮಹಿಳೆಯರ ಕಾನೂನು ಸಂಸ್ಥೆಯೊಂದು. ಅಲ್ಲಿ ಗೆದ್ದ ವಾದ ಬಹುಜನರ ನೀತಿಯದ್ದಲ್ಲ. ಸಮಾನತೆ ಮತ್ತು ಘನತೆಯದು. ಆ ಮುಸ್ಲಿಮ್ ಹೆಣ್ಣುಮಕ್ಕಳಿಗೆ ನೆರವಾದ ಪದಗಳನ್ನೇ ಹದಿನೇಳು ವರ್ಷ ಮೊದಲು ಇನ್ನೊಬ್ಬರು ಬಳಸಿದ್ದರು. ಇದು ನಮಗೆ ಇಷ್ಟವಾಗಬೇಕೆಂದೇನೂ ಇಲ್ಲ. ಆದರೆ ನಡೆದದ್ದು ಹೀಗೆ.

ಇಂಥದ್ದು ನೋಡಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತಲ್ಲ, ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 377ನೇ ಕಲಮಿನ ವಿರುದ್ಧ ಅದೇ ತೀರ್ಪು ಆಧಾರವಾಯಿತು. 2022ರಲ್ಲಿ ಉಡುಪಿಯ ನಮ್ಮ ಹೆಣ್ಣುಮಕ್ಕಳು ಶಿರವಸ್ತ್ರಕ್ಕಾಗಿ ಕೋರ್ಟಿಗೆ ಹೋದಾಗ ಅವರ ವಕೀಲರು ಎತ್ತಿ ಹಿಡಿದದ್ದೂ ಅದನ್ನೇ. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ನಮ್ಮ ಹೈಕೋರ್ಟ್ ಹೇಳಿತು. ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟಾಗ, ಹೆಣ್ಣುಮಕ್ಕಳ ಪರ ನಿಂತ ನ್ಯಾಯಮೂರ್ತಿ ಧುಲಿಯಾ ಆಧರಿಸಿದ್ದು ಆಯ್ಕೆ, ಘನತೆ, ಖಾಸಗಿತನವನ್ನು. ಅಂದು ಬಹುಜನರ ಮನಸ್ಸಿನ ತಕ್ಕಡಿ ಹಿಡಿದಿದ್ದರೆ ನಮ್ಮ ಮಕ್ಕಳ ಕಡೆಯ ತಟ್ಟೆ ಎಷ್ಟು ಭಾರ ಇರುತ್ತಿತ್ತು ಎಂದು ನೀವೇ ಊಹಿಸಿ.

2023ರ ತೀರ್ಪನ್ನು ನಮ್ಮಲ್ಲಿ ಹಲವರು ಶೀರ್ಷಿಕೆಯಷ್ಟೇ ಓದಿದ್ದಾರೆ. ಮದುವೆಯಾಗುವುದು ಷರತ್ತಿಲ್ಲದ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಿ ಬರೆಯಲಾಗದು, ಇವೆರಡರಲ್ಲಿ ಐವರೂ ಒಂದೇ. ಜೊತೆಬಾಳುವಿಕೆಗೆ ಮಾನ್ಯತೆ ಮತ್ತು ದತ್ತು ಪಡೆಯುವ ವಿಷಯದಲ್ಲಿ ಮೂವರು ಬೇಡವೆಂದರು, ಇಬ್ಬರು ಬೇಕೆಂದರು. ಲಿಂಗತ್ವ ಅಲ್ಪಸಂಖ್ಯಾತರು ಈಗಿರುವ ಕಾನೂನಿನಲ್ಲೇ ಗಂಡು ಹೆಣ್ಣಾಗಿ ಮದುವೆಯಾಗಬಹುದು ಎಂದು ಎಲ್ಲರೂ ಒಪ್ಪಿದರು. (ಖುನ್ಸಾ ಬಗ್ಗೆ ನಮ್ಮ ಹಿದಾಯದ ಕೊನೆಯಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಮದ್ರಸದಲ್ಲಿ ಅಲ್ಲಿಗೆ ತಲುಪುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ, ಆತುರದಲ್ಲಿ ಓದಿ ಮುಗಿಸುತ್ತೇವೆ.) ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ರವೀಂದ್ರ ಭಟ್ ಹೇಳಿದ ಒಂದು ಅಂಶ ನಮಗೆ ಮುಖ್ಯ: ಮದುವೆ ಎಂಬ ಸಂಸ್ಥೆ ರಾಜ್ಯಕ್ಕಿಂತ ಹಿಂದಿನದು, ರಾಜ್ಯ ಸೃಷ್ಟಿಸಿದ್ದಲ್ಲ. ಈಜಾಬ್, ಖಬೂಲ್, ಇಬ್ಬರು ಸಾಕ್ಷಿಗಳು, ಮಹರ್ ಇವುಗಳಿಂದ ಕೂಡಿಬರುವ ನಿಕಾಹ್ ಅನ್ನು ಯಾವ ಸಂಸತ್ತೂ ಕೊಟ್ಟಿಲ್ಲ. ನಾವು ನಿಲ್ಲಬೇಕಾದ ನೆಲ ಅದು, ಮತ್ತು ಸಂವಿಧಾನದ 25ನೇ ವಿಧಿ. ಮದುವೆ ಏನೆಂಬುದನ್ನು ಬಹುಮತ ತೀರ್ಮಾನಿಸಲಿ ಎಂದವರು ನಾಳೆ ತಮ್ಮ ಮದುವೆಯನ್ನು ಅದೇ ಬಹುಮತ ಮುಟ್ಟಲು ಬಂದಾಗ ಯಾವ ಬಾಯಿಂದ ತಡೆಯುವುದು?

ಇನ್ನೊಂದು ಮಾತನ್ನು ಇಲ್ಲಿ ಹೇಳದಿದ್ದರೆ ಇಮಾಮನಾಗಿ ನನ್ನ ಕೆಲಸ ಅರ್ಧವಾಗುತ್ತದೆ. ಕೋರ್ಟಿನಲ್ಲಿ ಕುಟುಂಬ ವ್ಯವಸ್ಥೆಯ ಪರ ವಾದಿಸುವವರ ಮನೆಗಳಲ್ಲೂ ಇಂಥ ಒಲವಿನ ಮಕ್ಕಳು ಹುಟ್ಟುತ್ತಾರೆ. "ಮದುವೆ ಮಾಡಿಸಿದರೆ ಸರಿಹೋಗುತ್ತಾನೆ" ಎಂದು ಎಲ್ಲ ತಿಳಿದೂ ಮುಚ್ಚಿಟ್ಟು, ಏನೂ ಅರಿಯದ ಒಬ್ಬಳನ್ನು ತಂದು ಕಟ್ಟುವ ತಂದೆತಾಯಿ ಇದ್ದಾರೆ. ವಧುವಿನ ಒಪ್ಪಿಗೆ ಕೇಳುವಾಗ ನಾವು ಕೇಳುವುದು ಇದ್ದದ್ದನ್ನು ತಿಳಿದ ಒಪ್ಪಿಗೆಯನ್ನು. ಮೋಸದಿಂದ ಪಡೆದ ಒಪ್ಪಿಗೆಯ ಪಾಪ ವಲಿಗೂ ಇದೆ, ಗೊತ್ತಿದ್ದೂ ಓದಿಸಿದ ಇಮಾಮನಿಗೂ ಇದೆ. ಮಗನಲ್ಲಿ ಅಂಥದ್ದು ಕಂಡರೆ ಮನೆಯಿಂದ ಹೊರಗೆ ದಬ್ಬಿದವರನ್ನೂ ಕಂಡಿದ್ದೇನೆ. ಪಾಪವನ್ನು ಪಾಪ ಎನ್ನಿ. ಆದರೆ ರಾತ್ರಿ ಅವನಿಗೆ ಅನ್ನ ಬಡಿಸುವುದನ್ನು ನಿಲ್ಲಿಸಲು ಯಾವ ಆಯತ್ತೂ ಹೇಳಿಲ್ಲ.

ಕಾನೂನಿನ ಕಥೆ ಆಮೇಲೆ ಬೇಗ ಓಡಿತು. 2024ರ ಫೆಬ್ರವರಿ 7ರಂದು ಉತ್ತರಾಖಂಡ ವಿಧಾನಸಭೆ ಸಮಾನ ನಾಗರಿಕ ಸಂಹಿತೆಯನ್ನು ಅಂಗೀಕರಿಸಿತು. ಅದರಲ್ಲಿ ಮದುವೆ ಎಂದರೆ ಗಂಡು ಮತ್ತು ಹೆಣ್ಣಿನ ನಡುವಿನದು ಮಾತ್ರ, 2023ರಲ್ಲಿ ನಮ್ಮವರು ಕೇಳಿದಂತೆಯೇ. ಜೊತೆಗೆ, ಸಂಪ್ರದಾಯದ ವಿನಾಯಿತಿ ಇಲ್ಲದ ಕಡೆ ಚಿಕ್ಕಪ್ಪನ ಮಗಳನ್ನು ಮದುವೆಯಾಗುವಂತಿಲ್ಲ. ಆಸ್ತಿ ಹಂಚಿಕೆಗೆ ಫರಾಇಝ್ ಇಲ್ಲ. ಎಲ್ಲ ಮದುವೆಗಳೂ 60 ದಿನಗಳೊಳಗೆ ನೋಂದಣಿಯಾಗಬೇಕು. ಪರಿಶಿಷ್ಟ ಬುಡಕಟ್ಟುಗಳನ್ನು ಹೊರಗಿಟ್ಟಿದ್ದಾರೆ, ನಮ್ಮನ್ನು ಹೊರಗಿಟ್ಟಿಲ್ಲ. ಸುಪ್ರೀಮ್ ಕೋರ್ಟ್ ಸಲಿಂಗ ವಿವಾಹದ ಮರುಪರಿಶೀಲನಾ ಅರ್ಜಿಗಳನ್ನು ತಳ್ಳಿಹಾಕಿದ್ದು 2025ರ ಜನವರಿ 9ರಂದು. ಅದಾಗಿ ಹದಿನೆಂಟು ದಿನಕ್ಕೆ, ಜನವರಿ 27ರಂದು, ಉತ್ತರಾಖಂಡದ ಸಂಹಿತೆ ಜಾರಿಗೆ ಬಂತು. ಅದನ್ನು ಪ್ರಶ್ನಿಸಿ ನೈನಿತಾಲಿನ ಹೈಕೋರ್ಟಿಗೆ ಹೋದವರಲ್ಲಿ ಜಮೀಅತ್ ಉಲಮಾಎ ಹಿಂದ್ ಕೂಡ ಇದೆ.